ಬ್ಯಾನರ್‌ನಲ್ಲಿ ಯಾರ ಹೆಸರು, ರಾತ್ರಿ ಚಾಪೆ ಹಾಸೋರು ಯಾರು

ಒಂದು ಹಳ್ಳಿಯಲ್ಲಿ ಎಷ್ಟು ಸಂಘಗಳಿವೆ ಅಂತ ಎಣಿಸಲು ಕೂತರೆ ತಲೆ ತಿರುಗುತ್ತದೆ. ಮಧುಗಿರಿ ಕಡೆಯ ನಮ್ಮ ಊರನ್ನೇ ತೆಗೆದುಕೊಳ್ಳಿ. ಮುನ್ನೂರು ಮನೆ ಇರಬಹುದು, ಅಷ್ಟೇ. ಹಾಲಿನ ಡೇರಿ ಇದೆ. ಸ್ತ್ರೀಶಕ್ತಿ ಸಂಘಗಳಿವೆ, ಸಂಜೀವಿನಿ ಒಕ್ಕೂಟ ಇದೆ, ಸಾಲ ಕೊಡುವವರು ಕಟ್ಟಿಸಿದ ಗುಂಪುಗಳು ಬೇರೆ. ಒಬ್ಬಳೇ ಹೆಂಗಸು ಮೂರು ಕಡೆ ಸದಸ್ಯೆ. ಶಾಲೆಗೆ ಎಸ್‌ಡಿಎಂಸಿ, ಗಣೇಶನಿಗೆ ಒಂದು ಸಮಿತಿ, ರಾಜ್ಯೋತ್ಸವಕ್ಕೆ ಹುಡುಗರ ಬಳಗ, ಶನಿವಾರದ ಭಜನೆಗೆ ಮಂಡಳಿ. ಎಲ್ಲದಕ್ಕೂ ಒಬ್ಬ ಅಧ್ಯಕ್ಷ, ಒಂದು ರಿಜಿಸ್ಟರು, ಒಂದು ಸೀಲು. ಇಷ್ಟೆಲ್ಲ ಇದ್ದೂ, ಓದು ಬಾರದ ಹೆಂಗಸರಿಗೆ ರಾತ್ರಿ ಒಂದು ಗಂಟೆ ಪಾಠ ನಡೆಸೋಣ ಅಂದರೆ ಯಾರ ಕೈಲೂ ಆಗುವುದಿಲ್ಲ. ಆಗದೆ ಇರುವುದಕ್ಕೆ ಕಾರಣ ಪುಸ್ತಕ ಇಲ್ಲ ಅಂತಲ್ಲ. ಪಾಠ ಹೇಳುವವರು ಇಲ್ಲ ಅಂತಲೂ ಅಲ್ಲ.

ನಾನು ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತಳಾದವಳು. ಊರಿಗೆ ಬಂದ ಮೇಲೆ ಈ ಕೆಲಸ ಹಚ್ಚಿಕೊಂಡಿದ್ದೇನೆ. ಇಲ್ಲಿ ನಾನು ಪಾಠ ಹೇಳುವುದು ಕಮ್ಮಿ. ಹೇಳುವವರು, ಕಲಿಯುವವರು, ಜಾಗದ ಬೀಗದ ಕೈ ಇಟ್ಟುಕೊಂಡವರು, ಇವರೆಲ್ಲ ಒಂದೇ ಹೊತ್ತಿಗೆ ಒಂದೇ ಕಡೆ ಸೇರುವಂತೆ ನೋಡಿಕೊಳ್ಳುವುದೇ ಜಾಸ್ತಿ. ಇದಕ್ಕೆ ಸರ್ಕಾರಿ ಕಾಗದದಲ್ಲಿ ‘ಸಮನ್ವಯ’ ಅಂತಾರೆ. ನಮ್ಮೂರಲ್ಲಿ ಇದಕ್ಕೆ ‘ಮೇಡಮ್ಮೋರು ಮನೆ ಮನೆ ತಿರುಗ್ತಾವ್ರೆ’ ಅಂತಾರೆ.

ಮೊದಲ ಸಭೆ ಪಂಚಾಯಿತಿ ಕಟ್ಟಡದಲ್ಲಿ ನಡೆಯಿತು. ಎಲ್ಲ ಸಂಘದವರೂ ಬಂದಿದ್ದರು, ಚಹಾ ಬಿಸ್ಕತ್ತು ಆಯಿತು. ಒಂದೂವರೆ ಗಂಟೆ ಮಾತಾಡಿದೆವು. ಅದರಲ್ಲಿ ಒಂದು ಗಂಟೆಗೂ ಮೀರಿ ಬ್ಯಾನರ್ ಬಗ್ಗೆಯೇ. ಯಾರ ಹೆಸರು ಮೇಲೆ ಬರಬೇಕು, ಯಾರ ಫೋಟೊ ಬಲಗಡೆ, ಯಾರದ್ದು ಎಡಗಡೆ. ಗಣೇಶನ ಸಮಿತಿಯವನು, ‘ಬ್ಯಾನರ್ ಖರ್ಚು ನಮ್ದೇ, ಆದ್ರೆ ನಮ್ಮ ಹುಡುಗ್ರ ಹೆಸ್ರು ಎಲ್ಲಾ ಬರ್ಬೇಕು’ ಅಂದ. ಒಕ್ಕೂಟದ ಅಧ್ಯಕ್ಷೆಗೆ ಸಿಟ್ಟು ಬಂತು. ‘ಕಲಿಯೋರು ನಮ್ ಹೆಂಗಸ್ರು, ಹೆಸ್ರು ನಿಮ್ ಹುಡುಗ್ರದ್ದಾ?’ ಕಡೆಗೆ ಬ್ಯಾನರೇ ಬೇಡ ಅಂತ ತೀರ್ಮಾನ ಆಯಿತು. ಅದರ ಬದಲು ವಾರದ ಒಂದೊಂದು ದಿನ ಒಂದೊಂದು ಗುಂಪಿಗೆ. ಸೋಮವಾರ ಡೇರಿಯವರು ಬಾಗಿಲು ತೆಗೆದು ದೀಪ ಹಾಕಬೇಕು. ಮಂಗಳವಾರ ಭಜನೆಯವರು ಚಾಪೆ ಹಾಸಬೇಕು. ಬುಧವಾರ ಹುಡುಗರ ಬಳಗ ಮಕ್ಕಳನ್ನು ನೋಡಿಕೊಳ್ಳಬೇಕು. ಹೀಗೇ. ಬ್ಯಾನರ್ ಹೋದ ಕೂಡಲೇ ಸಭೆಗೆ ಬಂದವರಲ್ಲಿ ಅರ್ಧ ಜನ ಮಾಯವಾದರು. ಉಳಿದವರ ಜೊತೆ ಕೆಲಸ ಸಲೀಸಾಯಿತು.

ಜಾಗದ ವಿಚಾರ ಇನ್ನೂ ಸೂಕ್ಷ್ಮ. ಗುಡಿ ಜಗಲಿ ವಿಶಾಲವಾಗಿದೆ, ಫ್ಯಾನೂ ಇದೆ. ಆದರೆ ಅಲ್ಲಿ ಎಲ್ಲರೂ ನಿರಾಳವಾಗಿ ಕೂರುವುದಿಲ್ಲ ಅಂತ ಎಲ್ಲರಿಗೂ ಗೊತ್ತು, ಬಾಯಿ ಬಿಟ್ಟು ಯಾರೂ ಹೇಳುವುದಿಲ್ಲ. ಕಾಲೊನಿಯ ಅಂಗನವಾಡಿಗೆ ಮೇಲಿನ ಬೀದಿಯವರು ಬರುವುದಿಲ್ಲ, ‘ದೂರ ಆಗುತ್ತೆ’ ಅಂತಾರೆ. ಇನ್ನೂರು ಹೆಜ್ಜೆ ದೂರ! ಉಳಿದಿದ್ದು ಡೇರಿ. ಅಲ್ಲಿ ಬೆಳಗ್ಗೆ ಸಂಜೆ ಎಲ್ಲರೂ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ, ಎಲ್ಲರ ಹಾಲೂ ಒಂದೇ ಕ್ಯಾನಿಗೆ ಬೀಳುತ್ತದೆ. ಸಂಜೆ ಹಾಲಿನ ಗಾಡಿ ಹೋದ ಮೇಲೆ ನೆಲ ತೊಳೆದು ಬಿಟ್ಟಿರುತ್ತಾರೆ. ಅಲ್ಲೇ ಶುರು ಮಾಡಿದೆವು. ಊರಿನ ಜಾತಿ ಅಲ್ಲಿ ಇಲ್ಲ ಅಂತಲ್ಲ, ಕೂರುವಾಗ ಗುಂಪು ಗುಂಪಾಗಿಯೇ ಕೂರುತ್ತಾರೆ. ಆದರೆ ಬರುವುದಿಲ್ಲ ಅನ್ನುವುದಕ್ಕೆ ನೆಪ ಸಿಗಲಿಲ್ಲ.

ಇದೆಲ್ಲ ಚಿಲ್ಲರೆ ವಿಷಯ ಅನ್ನಿಸಬಹುದು. ಆದರೆ ಈ ದೇಶದಲ್ಲಿ ದೊಡ್ಡವರಿಗೆ ಅಕ್ಷರ ಕಲಿಸಿದ ಒಳ್ಳೆಯ ಉದಾಹರಣೆ ಯಾವುದನ್ನೇ ನೋಡಿ, ಗೆದ್ದಿರುವುದು ಇಂಥ ಚಿಲ್ಲರೆ ಕೆಲಸದಿಂದಲೇ.

1988ರ ಮೇ 5ರಂದು ರಾಷ್ಟ್ರೀಯ ಸಾಕ್ಷರತಾ ಮಿಷನ್ ಶುರುವಾಯಿತು. ಅದಕ್ಕೂ ಹತ್ತು ವರ್ಷ ಮುಂಚೆ, 1978ರ ಗಾಂಧಿ ಜಯಂತಿಯಂದು, 10 ಕೋಟಿ ಜನರಿಗೆ ಅಕ್ಷರ ಕಲಿಸುತ್ತೇವೆ ಅಂತ ಇನ್ನೊಂದು ದೊಡ್ಡ ಕಾರ್ಯಕ್ರಮ ಹೊರಟಿತ್ತು. ಊರಿಗೊಂದು ಕೇಂದ್ರ, ಸಣ್ಣ ಸಂಬಳದ ಒಬ್ಬ ಬೋಧಕ, ಒಂದು ಲಾಂದ್ರ. ಅದು ಗುರಿ ಮುಟ್ಟಲಿಲ್ಲ. ಇಲಾಖೆಯ ಕೇಂದ್ರ ಇಲಾಖೆಯ ಕೇಂದ್ರವಾಗಿಯೇ ಉಳಿಯಿತು, ಊರಿನದ್ದಾಗಲಿಲ್ಲ.

ದಾರಿ ಬದಲಾಯಿಸಿದ್ದು ಎರ್ನಾಕುಲಂ. 1989ರಲ್ಲಿ ಕೇರಳ ಶಾಸ್ತ್ರ ಸಾಹಿತ್ಯ ಪರಿಷತ್ತು ಅನ್ನುವ ವಿಜ್ಞಾನ ಚಳವಳಿಯ ಸಂಘಟನೆ ಮತ್ತು ಜಿಲ್ಲಾಧಿಕಾರಿ ಕೆ.ಆರ್. ರಾಜನ್ ಸೇರಿ ಇಡೀ ಜಿಲ್ಲೆಗೆ ಒಂದೇ ಸಲ ಕೈ ಹಾಕಿದರು. ಮೊದಲು ಸಾವಿರಾರು ಸ್ವಯಂಸೇವಕರು ಮನೆ ಮನೆಗೆ ಹೋಗಿ ಯಾರಿಗೆ ಓದು ಬರುವುದಿಲ್ಲ ಅಂತ ಪಟ್ಟಿ ಮಾಡಿದರು. ಒಂದೂಮುಕ್ಕಾಲು ಲಕ್ಷದಷ್ಟು ಹೆಸರು ಸಿಕ್ಕವು. ಅಷ್ಟು ಜನಕ್ಕೆ ಸುಮಾರು 20 ಸಾವಿರ ಮಂದಿ ಬಿಡಿಗಾಸೂ ಇಲ್ಲದೆ ಪಾಠ ಹೇಳಿದರು. ವಿಜ್ಞಾನ ಚಳವಳಿಯವರು, ಗ್ರಂಥಾಲಯದವರು, ಕಾರ್ಮಿಕ ಸಂಘಗಳು, ಚರ್ಚು, ಕಾಲೇಜು ಹುಡುಗರು, ಎಲ್ಲರೂ ಇದ್ದರು. ರಾಜಕೀಯದಲ್ಲಿ ಒಬ್ಬರ ಮುಖ ಒಬ್ಬರು ನೋಡದವರೂ ಇದ್ದರು. 1990ರ ಫೆಬ್ರವರಿ 4ರಂದು ಪ್ರಧಾನಿ ವಿ.ಪಿ. ಸಿಂಗ್ ಎರ್ನಾಕುಲಂ ಪೂರ್ಣ ಸಾಕ್ಷರ ಜಿಲ್ಲೆ ಅಂತ ಘೋಷಿಸಿದರು. ಮರುವರ್ಷ ಏಪ್ರಿಲ್ 18ರಂದು ಕೋಯಿಕ್ಕೋಡಿನಲ್ಲಿ ಇಡೀ ಕೇರಳದ ಘೋಷಣೆ ಆಯಿತು. ಅದನ್ನು ಓದಿ ಹೇಳಿದ್ದು ಮಂತ್ರಿ ಅಲ್ಲ, ಆಗಷ್ಟೇ ಅಕ್ಷರ ಕಲಿತಿದ್ದ ಚೇಲಕ್ಕೋಡನ್ ಆಯಿಷಾ ಅನ್ನುವ ಹಿರಿಯ ಹೆಂಗಸು.

ಎರ್ನಾಕುಲಂನಲ್ಲಿ ನನಗೆ ಬಹಳ ಇಷ್ಟವಾಗುವ ಭಾಗ ಕನ್ನಡಕದ್ದು. ತರಗತಿ ಶುರುವಾದ ಮೇಲೆ ಗೊತ್ತಾಗಿದ್ದೇನು ಅಂದರೆ, ಕಲಿಯಲು ಬಂದವರಲ್ಲಿ ಎಷ್ಟೋ ಜನಕ್ಕೆ ಪುಸ್ತಕದ ಅಕ್ಷರ ಕಾಣಿಸುತ್ತಲೇ ಇರಲಿಲ್ಲ. ನಲವತ್ತು ದಾಟಿದವರಿಗೆ ಹತ್ತಿರದ್ದು ಮಸುಕಾಗುವುದು ಸಹಜ ಅಲ್ವಾ. ಓದು ಬಲ್ಲವರಿಗೆ ಅದು ಬೇಗ ಗೊತ್ತಾಗುತ್ತದೆ. ಓದೇ ಬಾರದವರಿಗೆ ಗೊತ್ತಾಗುವುದು ಹೇಗೆ? ಜನರ ಮನೆಗಳಲ್ಲಿ ಬಿದ್ದಿದ್ದ ಹಳೆಯ ಕನ್ನಡಕಗಳನ್ನು ಸಾವಿರಾರು ಸಂಖ್ಯೆಯಲ್ಲಿ ಕೇಳಿ ತಂದರು, ಕಣ್ಣು ನೋಡಿ ಹೊಂದುವುದನ್ನು ಕೊಟ್ಟರು. ಪಾಠದ ಪುಸ್ತಕ ಬರೆದವರು ಯಾರೂ ಯೋಚಿಸದ ವಿಷಯ ಇದು. ಊರೂರು ಸುತ್ತುವವರಿಗೆ ಹೊಳೆದ ವಿಷಯ.

ನಮ್ಮ ಡೇರಿ ತರಗತಿಯಲ್ಲೂ ಹಾಗೇ ಆಯಿತು. ಒಬ್ಬ ಅಜ್ಜಿ ಸ್ಲೇಟನ್ನು ಕೈ ಪೂರ್ತಿ ಚಾಚಿ ಹಿಡಿಯುತ್ತಿದ್ದರು, ಆಮೇಲೆ ‘ನನ್ ತಲೇಗೆ ಹತ್ತಲ್ಲ ಬಿಡವ್ವ’ ಅನ್ನುತ್ತಿದ್ದರು. ತಾಲ್ಲೂಕಿನ ಆಸ್ಪತ್ರೆಯಿಂದ ಕಣ್ಣು ನೋಡುವವರನ್ನು ಕರೆಸಿದ್ದು ಆಶಾ ಕಾರ್ಯಕರ್ತೆ, ಕನ್ನಡಕಕ್ಕೆ ದುಡ್ಡು ಹಾಕಿದ್ದು ಅದೇ ಗಣೇಶನ ಸಮಿತಿ. ಬ್ಯಾನರ್ ಜಗಳ ಮರೆತಿದ್ದರು ಅನ್ನಿ. ಕನ್ನಡಕ ಏರಿಸಿಕೊಂಡ ಅಜ್ಜಿ ಮೊದಲು ಓದಲಿಲ್ಲ, ಸೀರೆಯ ಸೆರಗನ್ನು ಹತ್ತಿರ ಹಿಡಿದು ನೋಡಿಕೊಂಡರು. ‘ಅಯ್ಯೋ, ಇಷ್ಟೊಂದು ಕೊಳೆ ಆಗೈತೆ!’

ಎರ್ನಾಕುಲಂ ಗೆದ್ದಿತು ಅಂದ ಮೇಲೆ ದೇಶವೆಲ್ಲ ಅದೇ ಮಾದರಿ. ಜಿಲ್ಲೆಗೊಂದು ಸಾಕ್ಷರತಾ ಸಮಿತಿ, ಜಿಲ್ಲಾಧಿಕಾರಿ ಅದರ ಅಧ್ಯಕ್ಷರು. ಮೂರು ಪ್ರೈಮರ್, ಅಂದರೆ ಅಕ್ಷರ ಕಲಿಸುವ ಪುಸ್ತಕ, ಒಟ್ಟು 200 ಗಂಟೆಯ ಪಾಠ. 1990ರ ಅಕ್ಟೋಬರ್‌ನಲ್ಲಿ ಭಾರತ ಜ್ಞಾನ ವಿಜ್ಞಾನ ಜಾಥಾ ದೇಶದ ಉದ್ದಗಲಕ್ಕೆ ಹೊರಟಿತು. ಬೀದಿ ನಾಟಕ, ಹಾಡು, ಡೋಲು. ನಮ್ಮಲ್ಲಿ ದಕ್ಷಿಣ ಕನ್ನಡ, ಬಿಜಾಪುರ ಮೊದಲು, ಆಮೇಲೆ ಉಳಿದ ಜಿಲ್ಲೆಗಳು. ನಾನಾಗ ಹೊಸದಾಗಿ ಕೆಲಸಕ್ಕೆ ಸೇರಿದ್ದೆ. ಎನ್‌ಎಸ್‌ಎಸ್ ಹುಡುಗರ ಜೊತೆ ಹಳ್ಳಿಗೆ ಹೋಗಿ ಹಾಡಿದ್ದು ನೆನಪಿದೆ. ರಾಗ ನೆನಪಿದೆ, ಪದ ಮರೆತುಹೋಗಿದೆ.

ಆ ಹುರುಪು ಸುಳ್ಳಲ್ಲ. ಆದರೆ ಎಷ್ಟೋ ಜಿಲ್ಲೆಗಳಲ್ಲಿ ಎರ್ನಾಕುಲಂನ ಚೌಕಟ್ಟು ಬಂತು, ಒಳಗಿನದ್ದು ಬರಲಿಲ್ಲ. ಕೇರಳದಲ್ಲಿ ಊರೂರಿಗೆ ವಾಚನಾಲಯ ಮೊದಲೇ ಇತ್ತು, ಸಂಘಟನೆ ಇತ್ತು, ಓದಿದ ಹುಡುಗಿಯರು ಓಣಿ ಓಣಿಯಲ್ಲಿ ಇದ್ದರು. ಅದಿಲ್ಲದ ಕಡೆ ಜಿಲ್ಲಾಧಿಕಾರಿ ಉತ್ಸಾಹಿಯಾಗಿದ್ದರೆ ಚಳವಳಿ ನಡೆಯಿತು, ಅವರಿಗೆ ವರ್ಗ ಆದರೆ ಚಳವಳಿಗೂ ವರ್ಗ. ಗುರಿ ಮುಟ್ಟಿದೆವು ಅಂತ ಘೋಷಣೆ ಆಯಿತು, ಮೈಕಿನವನು ವೈರು ಸುತ್ತಿಕೊಂಡು ಹೋದ. ಹೊಸದಾಗಿ ಕಲಿತವರಿಗೆ ಮುಂದೆ ಓದಲು ಏನಾದರೂ ಸಿಗುವ ಹೊತ್ತಿಗೆ ಅವರು ಕಲಿತಿದ್ದೇ ಮರೆತಿತ್ತು. ಘೋಷಣೆಯ ದಿನಾಂಕ ಇಟ್ಟುಕೊಂಡು ಹೊರಡುವ ಯಾವ ಅಭಿಯಾನದ ಮೇಲೂ ನನಗೆ ನಂಬಿಕೆ ಇಲ್ಲ, ಅದಕ್ಕೆ ಕಾರಣ ಇದು.

ಕಲಿತದ್ದು ಎಲ್ಲಿ ಉಳಿಯಿತು ಅಂತ ನೋಡಿದರೆ, ಅಕ್ಷರಕ್ಕೆ ಬೇರೇನೋ ಕೆಲಸ ಸಿಕ್ಕ ಕಡೆ. ತಮಿಳುನಾಡಿನ ಪುದುಕೋಟೆಯಲ್ಲಿ 90ರ ದಶಕದ ಆರಂಭದಲ್ಲಿ ಜಿಲ್ಲಾಧಿಕಾರಿ ಶೀಲಾ ರಾಣಿ ಚುಂಕತ್ ಸಾಕ್ಷರತೆಯ ಜೊತೆಗೆ ಸೈಕಲ್ ಕಲಿಕೆಯನ್ನೂ ಸೇರಿಸಿದರು. ಪಾಠ ಹೇಳುವ ಹುಡುಗಿಯರು ಊರಿಂದೂರಿಗೆ ಹೋಗಬೇಕಲ್ಲ, ಬಸ್ಸು ಕಾದು ಆಗುತ್ತದೆಯೇ? ಸಾವಿರಾರು ಹೆಂಗಸರು ಸೈಕಲ್ ಕಲಿತರು. ಲೇಡೀಸ್ ಸೈಕಲ್ ಸಿಗದೆ ಗಂಡಸರ ಸೈಕಲ್ಲನ್ನೇ ಹತ್ತಿದರು. ಕಲ್ಲು ಕ್ವಾರಿಯ ಕೂಲಿ ಹೆಂಗಸರೂ ಅದರಲ್ಲಿದ್ದರು. ಇದರಲ್ಲಿ ಓದು ಎಷ್ಟು, ಸೈಕಲ್ ಎಷ್ಟು ಅಂತ ಬೇರೆ ಮಾಡಲು ಬರುವುದಿಲ್ಲ.

ನೆಲ್ಲೂರಿನದ್ದು ಇನ್ನೂ ಜೋರು. ಅಲ್ಲಿನ ಸಾಕ್ಷರತಾ ಪುಸ್ತಕದಲ್ಲಿ ಸಾರಾಯಿಯಿಂದ ಸಂಸಾರ ಹಾಳಾಗುವ ಒಂದು ಪಾಠ ಇತ್ತು. ದೂಬಗುಂಟ ಅನ್ನುವ ಹಳ್ಳಿಯ ಹೆಂಗಸರು ಅದನ್ನು ರಾತ್ರಿ ತರಗತಿಯಲ್ಲಿ ಓದಿದರು, ಚರ್ಚೆ ಮಾಡಿದರು, ಆಮೇಲೆ ಎದ್ದು ಹೋಗಿ ಊರಿನ ಸಾರಾಯಿ ಅಂಗಡಿ ಮುಚ್ಚಿಸಿದರು. 1992ರಲ್ಲಿ ಅದು ಜಿಲ್ಲೆಯಿಂದ ಜಿಲ್ಲೆಗೆ ಹಬ್ಬಿ ಆಂಧ್ರವನ್ನೇ ಅಲ್ಲಾಡಿಸಿತು. 1993ರಲ್ಲಿ ಸಾರಾಯಿ ನಿಷೇಧ ಆಯಿತು, 1995ರಲ್ಲಿ ಎನ್.ಟಿ. ರಾಮರಾವ್ ಸರ್ಕಾರ ಪೂರ್ಣ ಪಾನ ನಿಷೇಧ ತಂದಿತು. ಎರಡು ವರ್ಷದಲ್ಲಿ ಅದನ್ನು ಸಡಿಲಿಸಿದರು, ಆ ಮಾತು ಬೇರೆ. ಗಮನಿಸಬೇಕಾದ್ದು ಇಷ್ಟು: ಪುಸ್ತಕ ಅಚ್ಚು ಹಾಕಿಸಿದ್ದು ಸರ್ಕಾರಿ ಕಾರ್ಯಕ್ರಮ, ಸಾರಾಯಿಯ ಅಬಕಾರಿ ದುಡ್ಡು ಹೋಗುತ್ತಿದ್ದುದೂ ಅದೇ ಸರ್ಕಾರದ ಬೊಕ್ಕಸಕ್ಕೆ. ಓದು ಕಲಿಸಿದವರ ಬುಡಕ್ಕೇ ಓದು ಬಂತು.

ಮಹಿಳಾ ಸಮಖ್ಯಾದ ದಾರಿ ಇದಕ್ಕೆ ತಿರುಗುಮುರುಗು. 1989ರಲ್ಲಿ ಕರ್ನಾಟಕ, ಗುಜರಾತ್, ಉತ್ತರ ಪ್ರದೇಶದಲ್ಲಿ ಶುರುವಾದ ಕಾರ್ಯಕ್ರಮ ಅದು. ನಮ್ಮಲ್ಲಿ ಬೀದರ್, ಬಿಜಾಪುರದ ಕಡೆ ಬಹಳ ಬಡ ಹೆಂಗಸರ ಸಂಘ ಕಟ್ಟಿದರು. ಶಿಕ್ಷಣ ಇಲಾಖೆಯ ಕಾರ್ಯಕ್ರಮ, ಆದರೂ ಮೊದಲ ದಿನವೇ ಸ್ಲೇಟು ಹಿಡಿಸಲಿಲ್ಲ. ಹೆಂಗಸರು ನೀರಿನ ಬಗ್ಗೆ, ಕೂಲಿಯ ಬಗ್ಗೆ, ಗಂಡನ ಹೊಡೆತದ ಬಗ್ಗೆ ಮಾತಾಡಿದರು. ಕಚೇರಿಗಳಿಗೆ ಅರ್ಜಿ ಹಿಡಿದು ಹೋದರು. ಅರ್ಜಿಯಲ್ಲಿ ಏನು ಬರೆದಿದೆ ಅಂತ ತಮಗೇ ಗೊತ್ತಾಗಬೇಕು ಅನ್ನಿಸಿದಾಗ ಅಕ್ಷರ ಕೇಳಿದರು. ನಿಧಾನದ ದಾರಿ, ವರದಿಯಲ್ಲಿ ತೋರಿಸಲು ಅಂಕಿ ಸಿಗುವುದಿಲ್ಲ. ನನ್ನನ್ನು ಕೇಳಿದರೆ ಅದೇ ಸರಿ.

ಇನ್ನು ನಮ್ಮ ತರಗತಿ. ನಾವು ಅ ಆ ಇ ಈ ಇಂದ ಶುರು ಮಾಡುವುದಿಲ್ಲ. ನಲಿ-ಕಲಿ ಮಕ್ಕಳಿಗೆ ಕಲಿಸುವ ಕ್ರಮವನ್ನೇ ಇಲ್ಲೂ ಹಿಡಿದಿದ್ದೇವೆ: ರ, ಗ, ಸ, ದ, ಅ. ಐದೂ ದುಂಡಗೆ, ಬರೆಯಲು ಕೈ ಒಂದೇ ಥರ ತಿರುಗಬೇಕು. ಐದು ಅಕ್ಷರ ಬಂದರೆ ಸಾಕು, ಸರ, ದರ, ಗರಗಸ, ಅರಸ ಅಂತ ಓದಬಹುದು. ಮೊದಲ ವಾರವೇ ಒಂದು ಇಡೀ ಪದ ಬಾಯಿಗೆ ಬಂದಾಗ ಆಗುವ ಖುಷಿ ದೊಡ್ಡದು. ವರ್ಣಮಾಲೆ ಪೂರ್ತಿ ಬಾಯಿಪಾಠ ಮಾಡಿಸಿ ಆಮೇಲೆ ಪದಕ್ಕೆ ಹೋಗುವಷ್ಟು ತಾಳ್ಮೆ ದಿನವಿಡೀ ಕಳೆ ಕಿತ್ತು ಬಂದವರಿಗೆ ಇರುವುದಿಲ್ಲ. ಬಳಪ ಹಿಡಿಯುವ ಕೈ ಬೇರೆ ಒರಟಾಗಿರುತ್ತದೆ. ಕುಡುಗೋಲು ಹಿಡಿದ ಹಾಗೆ ಮುಷ್ಟಿಯಲ್ಲಿ ಹಿಡಿದು ಒತ್ತಿದರೆ ಬಳಪ ಪಟ್ಟಂತ ಮುರಿಯುತ್ತದೆ.

ಲೆಕ್ಕ ಕಲಿಸುವುದು ಬೇಕಾಗಿಲ್ಲ. ತಿಂಗಳಿಗೆ ನೂರಕ್ಕೆ ಮೂರು ರೂಪಾಯಿ ಬಡ್ಡಿಯಲ್ಲಿ ಹನ್ನೆರಡು ಸಾವಿರಕ್ಕೆ ಐದು ತಿಂಗಳಿಗೆ ಎಷ್ಟು ಅಂತ ಕೇಳಿ, ಬೆರಳ ಗೆಣ್ಣು ಎಣಿಸಿ ಸಾವಿರದ ಎಂಟುನೂರು ಅಂತ ಹೇಳುತ್ತಾರೆ. ನನಗಿಂತ ಬೇಗ. ಬೇಕಾಗಿರುವುದು ಅಂಕಿ ಗುರುತಿಸುವುದು, ಅದೂ ಇಂಗ್ಲಿಷ್ ಅಂಕಿ. ಪ್ರೈಮರಿನಲ್ಲಿ ಕನ್ನಡ ಅಂಕಿ ಇದ್ದರೂ ಬಸ್ಸಿನ ಮೇಲೆ, ಮೊಬೈಲಿನಲ್ಲಿ, ಡೇರಿ ಚೀಟಿಯಲ್ಲಿ ಎಲ್ಲಿದೆ ಅದು?

ಆ ಡೇರಿ ಚೀಟಿಯೇ ನಮ್ಮ ನಿಜವಾದ ಪಠ್ಯ. ಬೆರಳಗಲದ ಕಾಗದ. ತಾರೀಖು, ಬೆಳಗ್ಗೆಯೋ ಸಂಜೆಯೋ, ಎಷ್ಟು ಲೀಟರ್, ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನಲ್ಲಿರುವ ಉಳಿದ ಗಟ್ಟಿ ಅಂಶ) ಎಷ್ಟು, ದರ, ಮೊತ್ತ. ಅದರ ಮೇಲಿನ ಅಕ್ಷರ ದಿನ ಕಳೆದಂತೆ ಮಾಸಿಹೋಗುತ್ತದೆ. ಇಷ್ಟು ವರ್ಷ ಅದನ್ನು ಮುದುರಿ ಬಿಸಾಕುತ್ತಿದ್ದರು. ಈಗ ಒಬ್ಬರು ಹದಿನೈದು ದಿನದ ಚೀಟಿಗಳನ್ನು ಪಿನ್ನು ಚುಚ್ಚಿ ಇಟ್ಟುಕೊಂಡು, ಬಟವಾಡೆ ದಿನ ಕೂಡಿಸಿ ನೋಡುತ್ತಾರೆ. ಒಮ್ಮೆ ಸಂಜೆ ಹಾಲಿನ ಫ್ಯಾಟ್ 4.1 ಇದ್ದದ್ದು ಮರುದಿನ 3.4 ಆಗಿತ್ತು. ಅವರು ಕಾರ್ಯದರ್ಶಿಯ ಮುಂದೆ ಎರಡೂ ಚೀಟಿ ಇಟ್ಟರು. ‘ಅದೇ ಎಮ್ಮೆ ಅಲ್ಲ ಸ್ವಾಮಿ, ಅದೇ ಹಸ. ಅದೇ ಮೇವು. ಇದ್ಯಾಕೆ ಹಿಂಗೆ?’ ಮಾಪನದ ಯಂತ್ರ ತೊಳೆಯದೆ ಬಿಟ್ಟಿದ್ದರಂತೆ. ಸರಿ ಹೋಯಿತು. ಆದರೆ ಆ ವಾರ ಸೋಮವಾರ ದೀಪ ಹಾಕುವವರು ಸ್ವಲ್ಪ ತಡವಾಗಿ ಬಂದರು.

ಸರ್ಕಾರದ ಕಡೆಯಿಂದ ಈಗ ಏನೂ ಇಲ್ಲ ಅಂತಲ್ಲ. 2009ರ ಸೆಪ್ಟೆಂಬರ್ 8ರಂದು ಶುರುವಾದ ಸಾಕ್ಷರ ಭಾರತ್ ಕಾರ್ಯಕ್ರಮದಲ್ಲಿ ಕಲಿಕಾ ಕೇಂದ್ರ ನೋಡಿಕೊಳ್ಳಲು ಪಂಚಾಯಿತಿಗೆ ಇಬ್ಬರು ಪ್ರೇರಕರಿದ್ದರು, ತಿಂಗಳಿಗೆ 2,000 ರೂಪಾಯಿ ಗೌರವಧನ. 2018ರ ಮಾರ್ಚ್‌ಗೆ ಅದು ನಿಂತಿತು, ಪ್ರೇರಕರು ಬೇರೆ ಕೆಲಸ ಹುಡುಕಿಕೊಂಡರು. ಈಗ ನಡೆಯುತ್ತಿರುವುದು ಕೇಂದ್ರ ಸರ್ಕಾರದ ಉಲ್ಲಾಸ್ ಅನ್ನುವ ಸಾಕ್ಷರತಾ ಕಾರ್ಯಕ್ರಮ. 2022ರಿಂದ 2027ರವರೆಗೆ 1,037.90 ಕೋಟಿ ರೂಪಾಯಿ, 5 ಕೋಟಿ ಜನಕ್ಕೆ ಕಲಿಸುವ ಗುರಿ. ಕಲಿಸುವವರೆಲ್ಲ ಸ್ವಯಂಸೇವಕರು. ಕೊನೆಗೆ ಓದು, ಬರಹ, ಲೆಕ್ಕ ಮೂರರಲ್ಲೂ 50 ಅಂಕದಂತೆ 150 ಅಂಕದ ಪರೀಕ್ಷೆ. ಶೇ 95 ಸಾಕ್ಷರತೆ ದಾಟಿದರೆ ಪೂರ್ಣ ಸಾಕ್ಷರ ಅಂತ ಘೋಷಣೆ. 2024ರಲ್ಲಿ ಲಡಾಖ್, 2025ರಲ್ಲಿ ಮಿಜೋರಾಂ, ಗೋವಾ, ತ್ರಿಪುರಾ ಹಾಗೆ ಘೋಷಿಸಿಕೊಂಡವು. ನಮ್ಮ ರಾಜ್ಯ 2011ರ ಜನಗಣತಿಯಲ್ಲಿ ಶೇ 75ರ ಆಸುಪಾಸಿನಲ್ಲಿತ್ತು. ದಕ್ಷಿಣ ಕನ್ನಡ ಶೇ 88 ದಾಟಿದ್ದರೆ, ಯಾದಗಿರಿ ಶೇ 52ರಷ್ಟು. ಒಂದೇ ರಾಜ್ಯದೊಳಗೆ ಇಷ್ಟು ಅಂತರ ಇರುವಾಗ ಬೆಂಗಳೂರಿನಲ್ಲಿ ಕೂತು ಎಲ್ಲ ಜಿಲ್ಲೆಗೂ ಒಂದೇ ವೇಳಾಪಟ್ಟಿ ಕಳಿಸಿದರೆ ಅದು ಯಾರಿಗೆ ಹೊಂದಬೇಕು?

ಸ್ವಯಂಸೇವೆ ಬಗ್ಗೆ ಒಂದು ಮಾತು ಹೇಳಿಬಿಡುತ್ತೇನೆ. ದುಡ್ಡು ಕೊಡದೆ ಪಾಠ ಹೇಳಿಸಬಹುದು, ಅದಕ್ಕೆ ಹುಡುಗಿಯರು ಸಿಗುತ್ತಾರೆ. ನಮ್ಮಲ್ಲಿ ಕಲಿಸುತ್ತಿರುವವರು ಪಿಯುಸಿ ಮುಗಿಸಿ ಮನೆಯಲ್ಲಿರುವ ಮೂವರು, ಒಬ್ಬಳು ಸೊಸೆ, ಒಬ್ಬರು ಅಂಗನವಾಡಿ ಟೀಚರ್. ಆದರೆ ಹೊಂದಿಸುವ ಕೆಲಸವನ್ನು ಪುಕ್ಕಟೆ ಮಾಡಿಸಲು ಆಗುವುದಿಲ್ಲ. ರಾತ್ರಿ ತ್ರೀ ಫೇಸ್ ಕರೆಂಟು ಯಾವ ಪಾಳಿ, ಅವತ್ತು ಯಾರ ಮನೆ ಗಂಡಸರು ತೋಟಕ್ಕೆ ಹೋಗುತ್ತಾರೆ, ಯಾವ ಧಾರಾವಾಹಿ ಎಷ್ಟು ಗಂಟೆಗೆ, ಕಡಲೆಕಾಯಿ ಕೀಳುವುದು ಯಾವಾಗ ಶುರು, ಯಾರ ಸೊಸೆಗೆ ಅತ್ತೆ ಹೊರಗೆ ಬಿಡುತ್ತಿಲ್ಲ, ಇದನ್ನೆಲ್ಲ ತಲೆಯಲ್ಲಿ ಇಟ್ಟುಕೊಂಡು ದಿನಾ ತಿರುಗುವವರು ಬೇಕು. ನನಗೆ ಪಿಂಚಣಿ ಬರುತ್ತದೆ, ಅದಕ್ಕೇ ತಿರುಗುತ್ತೇನೆ. ಪಿಂಚಣಿ ಇಲ್ಲದವರು ಎಷ್ಟು ದಿನ ತಿರುಗಬೇಕು? ಪ್ರೇರಕರನ್ನು ಕೈಬಿಟ್ಟಾಗ ಹೋದದ್ದು ಈ ತಿರುಗಾಟ.

ಪಂಚಾಯಿತಿಯ ಗ್ರಂಥಾಲಯಗಳು ಈಗ ಅರಿವು ಕೇಂದ್ರ ಅಂತಾಗಿವೆ. ಅಲ್ಲಿನ ಮೇಲ್ವಿಚಾರಕರಿಗೆ ಇದನ್ನೂ ಒಂದು ಕೆಲಸವಾಗಿ ಕೊಟ್ಟು, ಅದಕ್ಕೆ ಸರಿಯಾದ ಸಂಬಳ ಸೇರಿಸಿದರೆ ಅರ್ಧ ಸಮಸ್ಯೆ ಕಮ್ಮಿ ಆಗುತ್ತದೆ ಅಂತ ನನ್ನ ಅನಿಸಿಕೆ. ಹೊಸ ಸಮಿತಿ ಮಾತ್ರ ಮಾಡಬೇಡಿ. ಊರಲ್ಲಿ ಸೀಲು ಸಾಕಷ್ಟಿವೆ.

ಈಗ ನಮ್ಮಲ್ಲಿ ಎದ್ದಿರುವ ತಕರಾರು ಬೇರೆಯದು. ಒಂದು ಮಹಿಳಾ ಸಂಘದಲ್ಲಿ ಲೆಕ್ಕದ ಪುಸ್ತಕ ಬರೆಯುವುದು ಹೊರಗಿನಿಂದ ಬರುವ ಒಬ್ಬ ಹುಡುಗ. ತಿಂಗಳಿಗೊಮ್ಮೆ ಬರುತ್ತಾನೆ, ಎಲ್ಲರ ಪಾಸ್‌ಬುಕ್ ಬರೆದು, ರೆಸಲ್ಯೂಶನ್ ಬರೆದು, ಹೆಬ್ಬೆಟ್ಟು ಒತ್ತಿಸಿಕೊಂಡು ಹೋಗುತ್ತಾನೆ. ಕಳೆದ ಸಲ ನಮ್ಮ ತರಗತಿಯ ಇಬ್ಬರು, ‘ಸಹಿ ಆಮೇಲೆ ಹಾಕ್ತೀವಿ ತಮ್ಮ, ಮೊದ್ಲು ಓದು’ ಅಂದರು. ಅವನು ಗಡಿಬಿಡಿಯಲ್ಲಿ ಓದಿದ. ‘ನೀನು ಓದ್ಬೇಡ, ಇಲ್ಲಿ ಕೊಡು’ ಅಂತ ಪುಸ್ತಕ ಎಳೆದುಕೊಂಡರು. ಅಕ್ಷರ ಕೂಡಿಸಿ ಕೂಡಿಸಿ ಒಂದು ಪುಟ ಓದಲು ಅರ್ಧ ಗಂಟೆ ಬೇಕಾಯಿತು. ಅವನ ಕೈಬರಹ ನನಗೂ ಓದಲು ಬರುವುದಿಲ್ಲ, ಅದು ನಿಜ. ಆ ಇಬ್ಬರು ಹೆಂಗಸರು ಹೋಗಿರದ ಒಂದು ಸಭೆಗೆ ಅವರಿಬ್ಬರೂ ಹಾಜರಿದ್ದರು ಅಂತ ಅದರಲ್ಲಿ ಬರೆದಿತ್ತು.

ಒಕ್ಕೂಟದ ಅಧ್ಯಕ್ಷೆ ಮರುದಿನ ನನ್ನ ಮನೆಗೆ ಬಂದರು. ಬ್ಯಾನರ್ ಸಭೆಯಲ್ಲಿ ಹೆಂಗಸರ ಪರ ಜಗಳ ಆಡಿದವರು ಅವರೇ. ‘ಮೇಡಮ್ಮೋರೆ, ಕ್ಲಾಸು ಇನ್ನ ಎಷ್ಟ್ ದಿನ ಐತೆ?’ ಅಂತ ಕೇಳಿದರು. ಎರಡನೇ ಪುಸ್ತಕ ಈಗಷ್ಟೇ ಶುರುವಾಗಿದೆ ಅಂದೆ. ಸುಮ್ನೆ ಕೂತಿದ್ದರು. ಆಮೇಲೆ, ‘ಹಂಗಾದ್ರೆ ನಾನೂ ಬಂದು ಕೂತ್ಕೊಂಡ್ಬಿಡ್ತೀನಿ. ನನಗೂ ಸಹಿ ಅಷ್ಟೇ ಬರೋದು’ ಅಂದರು. ಗುರುವಾರದಿಂದ ಬರುತ್ತಿದ್ದಾರೆ. ಅವರ ಸಂಘದ ಪಾಳಿ ಗುರುವಾರವೇ ಆದ್ದರಿಂದ ಚಾಪೆಯನ್ನೂ ಅವರೇ ಹಾಸುತ್ತಾರೆ.